ಭರಣಿ ಮಳೆಗೆ ಆರಿದ ಐದು ಬೀದಿದೀಪ

ಏಪ್ರಿಲ್ ಕೊನೆಯ ವಾರ. ಭರಣಿ ಮಳೆ ಗುಡುಗು ಸಿಡಿಲು ಕಟ್ಟಿಕೊಂಡೇ ಬಂತು. ಸಂಜೆ ಏಳಕ್ಕೆ ಹಿಡಿದದ್ದು ಎಂಟೂವರೆಗೆ ಬಿಟ್ಟಿತು. ಅಷ್ಟರಲ್ಲಿ ಕರೆಂಟ್ ಮೂರು ಸಲ ಹೋಗಿ ಬಂದಿತ್ತು. ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಬಂದಾಗ ಹೊರಗೆ ನೋಡಿದರೆ ಕೇರಿಯಲ್ಲಿ ಉರಿಯುತ್ತಿದ್ದದ್ದು ನಾಲ್ಕೇ ದೀಪ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಊರು. ಹಾಲಿನ ಡೇರಿಯಿಂದ ಹಳ್ಳದ ಮೋರಿಯವರೆಗೆ ಒಂಬತ್ತು ಕಂಬ. ಎಲ್ಲದಕ್ಕೂ 24 ವ್ಯಾಟಿನ ಎಲ್‌ಇಡಿ ಫಿಟ್ಟಿಂಗ್. ಬೆಳಗಿನ ಐದೂವರೆಗೆ ಹಾಲು ಹಾಕಲು ಹೋಗುವವರೆಲ್ಲ ಇದೇ ದಾರಿಯಲ್ಲಿ ಹೋಗಬೇಕು. ಮೊದಲ ಮಳೆ ಬಿದ್ದ ಮೇಲೆ ಹಾವು ಹೊರಗೆ ಬರುವ ಕಾಲ ಬೇರೆ. ಎದುರು ಮನೆ ಅಕ್ಕ ಮಾರನೇ ದಿನವೇ ಕೇಳಿದರು: "ಅಲ್ಲ ತಮ್ಮಾ, ಮಿಕ್ಸಿ ಟೀವಿ ಎಲ್ಲ ಸರಿ ಮಾಡ್ತೀಯ. ಇದೊಂದು ನಿನ್ನ ಕೈಲಿ ಆಗಲ್ವಾ?"

ಪಂಚಾಯ್ತಿಯಲ್ಲಿ ವಿಚಾರಿಸಿದೆ. ಹೊಸ ಫಿಟ್ಟಿಂಗ್ ಬೇಕಾದರೆ ಮುಂದಿನ ಕ್ರಿಯಾ ಯೋಜನೆಯವರೆಗೆ ಕಾಯಬೇಕು ಎಂದರು. ಹಳೆಯದನ್ನು ಬಿಚ್ಚಿ ನೋಡಲು ಅಡ್ಡಿಯಿಲ್ಲ, ಒಂದು ಅರ್ಜಿ ಬರೆದುಕೊಡಿ ಎಂದರು. ಬರೆದುಕೊಟ್ಟೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಂಬ ಹತ್ತುವುದು ನನ್ನ ಕೆಲಸ ಅಲ್ಲ, ಓದುತ್ತಿರುವ ನಿಮ್ಮದೂ ಅಲ್ಲ. ಬೀದಿದೀಪದ ಸ್ವಿಚ್ ಆಫ್ ಆಗಿದ್ದರೂ ಪಕ್ಕದಲ್ಲೇ ಮೂರು ಫೇಸ್ ತಂತಿ ಜೀವಂತ ಇರುತ್ತವೆ. ನಮ್ಮ ಲೈನ್‌ಮ್ಯಾನ್ ಎಲ್‌ಸಿ (ಲೈನ್ ಬಂದ್ ಮಾಡಿಸಿ ಪಡೆಯುವ ಅನುಮತಿ) ತೆಗೆದುಕೊಂಡು, ತಂತಿಗೆ ಅರ್ತ್ ಕೊಟ್ಟು, ಆಮೇಲೆ ಹತ್ತಿದರು. ಫಿಟ್ಟಿಂಗ್‌ಗಳನ್ನು ಹಗ್ಗದಲ್ಲಿ ಇಳಿಸಿದರು. ನನ್ನ ಕೆಲಸ ಏನಿದ್ದರೂ ಕೆಳಗೆ, ಅಂಗಡಿಯ ಮೇಜಿನ ಮೇಲೆ.

ಇಳಿಸುವಾಗಲೇ ಒಂದು ಕಂಬದ ಲೆಕ್ಕ ಮುಗಿಯಿತು. ಡೇರಿ ಎದುರಿನ ಒಂದನೇ ಕಂಬದ ಫಿಟ್ಟಿಂಗ್‌ಗೆ ಏನೂ ಆಗಿರಲಿಲ್ಲ. ಲೈನಿನ ಅಲ್ಯೂಮಿನಿಯಂ ತಂತಿಗೆ ಫಿಟ್ಟಿಂಗ್‌ನ ತಾಮ್ರದ ವಯರನ್ನು ಸುಮ್ನೆ ಸುತ್ತಿ ಬಿಟ್ಟಿದ್ದರು. ಎರಡು ಲೋಹ ಸೇರಿದ ಕಡೆ ನೀರು ತಾಗಿ ಬಿಳಿ ಪುಡಿ ಕಟ್ಟಿತ್ತು. ಮುಟ್ಟಿದರೆ ಉದುರುತ್ತಿತ್ತು. ಈ ಎರಡು ಲೋಹಗಳನ್ನು ಹೀಗೆ ನೇರವಾಗಿ ಸುತ್ತಬಾರದು. ತೇವ ಸಿಕ್ಕರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಜಾಯಿಂಟ್ ಬಿಸಿಯಾಗುತ್ತದೆ, ಕೊನೆಗೆ ಬಿಡುತ್ತದೆ. ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಕ್ಲ್ಯಾಂಪ್ ಹಾಕಿದ ಕೂಡಲೇ ಆ ದೀಪ ಹತ್ತಿತು. ಉಳಿದದ್ದು ನಾಲ್ಕು.

ಮೂರನೇ ಕಂಬದ್ದನ್ನು ಮೊದಲು ಬಿಚ್ಚಿದೆ. ಹಿಂದಿನ ಮುಚ್ಚಳ ತೆಗೆದರೆ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಎರಡು ಭಾಗ. ಎಲ್‌ಇಡಿ ಕೂರಿಸಿದ ಅಲ್ಯೂಮಿನಿಯಂ ಪ್ಲೇಟ್ ಒಂದು, ಅದಕ್ಕೆ ಕರೆಂಟ್ ಅಳೆದು ಕೊಡುವ ಡ್ರೈವರ್ ಇನ್ನೊಂದು. ಪ್ಲೇಟಿನಲ್ಲಿ 24 ಎಲ್‌ಇಡಿ. ಹನ್ನೆರಡರ ಎರಡು ಸಾಲು. ಒಂದು ಎಲ್‌ಇಡಿಗೆ ಸುಮಾರು 3 ಓಲ್ಟ್, ಹನ್ನೆರಡಕ್ಕೆ 36. ಡ್ರೈವರ್ ಕೊಡುವುದು 600 ಮಿಲಿ ಆಂಪಿಯರ್. ಎರಡು ಸಾಲಿಗೆ ಮುನ್ನೂರು ಮುನ್ನೂರು ಹಂಚಿಹೋಗುತ್ತದೆ. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಡ್ರೈವರ್ ಮುಟ್ಟುವ ಮೊದಲು ಅದರ ದೊಡ್ಡ ಕೆಪಾಸಿಟರ್ ಖಾಲಿ ಮಾಡಬೇಕು. 230 ಓಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ 325 ಓಲ್ಟ್ ಆಗಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕೆಪಾಸಿಟರಿನಲ್ಲಿ ಕೂತಿರಬಹುದು. ನಾನು 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರ್‌ಗೆ ಎರಡು ಕ್ಲಿಪ್ ಕಟ್ಟಿ ಇಟ್ಟುಕೊಂಡಿದ್ದೇನೆ. ಎರಡು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕುವುದು.

ತಪ್ಪು ಎದುರಿಗೇ ಇತ್ತು. ಕರೆಂಟ್ ಒಳಗೆ ಬರುವ ಬಾಗಿಲಲ್ಲೇ ನೀಲಿ ಬಣ್ಣದ ಒಂದು ಬಿಲ್ಲೆ ಇರುತ್ತದೆ, ಎಂಓವಿ ಅಂತಾರೆ. ಮಾಮೂಲಿ ಓಲ್ಟೇಜಿಗೆ ಅದು ಸುಮ್ಮನೆ ಕೂತಿರುತ್ತದೆ. ಓಲ್ಟೇಜ್ ಇದ್ದಕ್ಕಿದ್ದಂತೆ ಚಿಮ್ಮಿದರೆ ತಾನೇ ದಾರಿ ಬಿಟ್ಟು, ಹೆಚ್ಚಿನದನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ. ಇದರೊಳಗೆ ಇದ್ದದ್ದು ಬರೀ 7 ಮಿಲಿಮೀಟರ್ ಅಗಲದ್ದು. ಮಲೆನಾಡಿನ ಸಿಡಿಲಿಗೆ ಅದು ಯಾವ ಲೆಕ್ಕ? ಎರಡು ಹೋಳಾಗಿ ಸೀಳಿಹೋಗಿತ್ತು, ಪಕ್ಕದ ಫ್ಯೂಸ್ ಕಪ್ಪಾಗಿತ್ತು. ಆದರೆ ತನ್ನ ಕೆಲಸ ಮಾಡಿಯೇ ಹೋಗಿತ್ತು. ಹಿಂದಿನ ಭಾಗಗಳಿಗೆಲ್ಲ ಏನೂ ಆಗಿರಲಿಲ್ಲ. 14 ಮಿಲಿಮೀಟರಿನ ಎಂಓವಿ, ಹೊಸ ಫ್ಯೂಸ್. ದೀಪ ಹತ್ತಿತು. ಎರಡೂ ಸೇರಿ ನಲವತ್ತು ರೂಪಾಯಿ ಆಗಲಿಲ್ಲ. ಈ ಫಿಟ್ಟಿಂಗ್ ಗುಜರಿಗೆ ಹೋಗಬೇಕಿತ್ತು ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಾಲ್ಕನೇ ಕಂಬದ್ದಕ್ಕೆ ಸಿಡಿಲಿನ ಜೊತೆ ಇನ್ನೊಂದು ಕಾಟವೂ ಇತ್ತು. ಡ್ರೈವರ್ ಒಳಗಿನ ಕೆಪಾಸಿಟರಿನ ತಲೆ ಗುಮ್ಮಟದ ಹಾಗೆ ಉಬ್ಬಿತ್ತು. ಸಿಡಿಲಿಗೆ ಹಾಗೆ ಉಬ್ಬುವುದಿಲ್ಲ. ಅದು ನಿಧಾನವಾಗಿ ಆದ ಕೆಲಸ. ಲೈನ್‌ಮ್ಯಾನ್ ಅಣ್ಣನಿಗೆ ಹೇಳಿದೆ. ಅವರು ಐದನೇ ಕಂಬದ ನ್ಯೂಟ್ರಲ್ ಜಾಯಿಂಟ್ ನೋಡಿದರು. ಸಡಿಲ. ನ್ಯೂಟ್ರಲ್ ಸಡಿಲವಾದರೆ ಮೂರು ಫೇಸಿನ ಲೋಡ್ ಏರುಪೇರಾಗಿ, ಒಂದು ಕಡೆ ಓಲ್ಟೇಜ್ ಇಳಿದು ಇನ್ನೊಂದು ಕಡೆ ಏರುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯ ಮೀಟರಿನಲ್ಲೇ ಒಮ್ಮೆ 290 ನೋಡಿದ್ದೆ. 290 ಓಲ್ಟ್ ಎಸಿ ಅಂದರೆ ಒಳಗೆ 410 ಓಲ್ಟ್ ಡಿಸಿ. ಕೆಪಾಸಿಟರಿನ ಮೈಮೇಲೆ ಬರೆದಿದ್ದದ್ದು 400. ಅದಕ್ಕೆ ಬೇಸಿಗೆಯ ಬಿಸಿ ಬೇರೆ. ಈ ಜಾತಿಯ ಕೆಪಾಸಿಟರಿಗೆ ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಆಯಸ್ಸು ಅರ್ಧ ಆಗುತ್ತದೆ ಎನ್ನುವುದು ನಮ್ಮ ಕಸುಬಿನ ಹಳೆಯ ಲೆಕ್ಕ. ಜೊತೆಗೆ ಡ್ರೈವರಿನೊಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್ಫೆಟ್ ಕೂಡ ಶಾರ್ಟ್ ಆಗಿತ್ತು. ಅಲ್ಲಿಗೆ ಆ ಡ್ರೈವರಿನ ಆಸೆ ಬಿಟ್ಟೆ. 440 ಓಲ್ಟ್ ಬಂದರೂ ತಡೆದುಕೊಳ್ಳುವ ಹೊಸ ಡ್ರೈವರ್ ತಂದು ಹಾಕಿದೆ. 320 ರೂಪಾಯಿ. ತರುವಾಗ ಬರೀ 24 ವ್ಯಾಟ್ ಎಂದು ಕೇಳಬೇಡಿ. 36 ಓಲ್ಟ್, 600 ಮಿಲಿ ಆಂಪಿಯರ್ ಎಂದು ಕೇಳಿ. 72 ಓಲ್ಟ್, 300 ಮಿಲಿ ಆಂಪಿಯರಿನದೂ 24 ವ್ಯಾಟಿನ ಪೆಟ್ಟಿಗೆಯಲ್ಲೇ ಬರುತ್ತದೆ. ಅದು ಈ ಪ್ಲೇಟಿಗೆ ಹೊಂದುವುದಿಲ್ಲ.

ಆರನೇ ಕಂಬದ್ದು ನನಗೆ ಪಾಠ ಕಲಿಸಿದ್ದು. ಡ್ರೈವರ್ ಚೆನ್ನಾಗಿಯೇ ಇತ್ತು. ಸತ್ತಿದ್ದದ್ದು ಪ್ಲೇಟ್. ಕಾಯಿನ್ ಸೆಲ್ ಒಂದನ್ನು ಹಿಡಿದು ಒಂದೊಂದೇ ಎಲ್‌ಇಡಿ ಮುಟ್ಟಿಸುತ್ತ ಹೋದೆ. 3 ಓಲ್ಟಿನ ಸೆಲ್ಲಿಗೆ ಒಳ್ಳೆಯ ಎಲ್‌ಇಡಿ ಮಂಕಾಗಿ ಮಿನುಗುತ್ತದೆ. ಮೊದಲ ಸಾಲಿನಲ್ಲಿ ಏಳನೆಯದು ಮಿನುಗಲಿಲ್ಲ. ಭೂತಗನ್ನಡಿ ಹಿಡಿದರೆ ಹಳದಿಯ ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಒಂದು ಸತ್ತರೆ ಆ ಹನ್ನೆರಡೂ ಆರುತ್ತವೆ. ಆಗ ಆರುನೂರೂ ಎರಡನೇ ಸಾಲಿನ ತಲೆಗೆ ಬೀಳುತ್ತದೆ. ಆ ಸಾಲಿನ ಹಳದಿ ಕಂದು ತಿರುಗಿತ್ತು, ನಾಲ್ಕು ಸುಟ್ಟಿದ್ದವು.

ಆದರೆ ಏಳನೆಯದು ಯಾಕೆ ಸತ್ತಿತು? ಸ್ಕ್ರೂ ತೆಗೆದು ಪ್ಲೇಟನ್ನು ಎತ್ತಿದೆ. ಪ್ಲೇಟಿನ ಬಿಸಿಯನ್ನು ಬಾಡಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ಒರೆಸಿದ ಮೇಲೆ ಪ್ಲೇಟಿನ ಅಂಚಿನಲ್ಲಿ, ಆ ಎಲ್‌ಇಡಿಯ ನೇರಕ್ಕೆ, ಸೂಜಿ ಚುಚ್ಚಿದಂಥ ಒಂದು ಕಪ್ಪು ಕಲೆ. ಎದುರಿನ ಅಲ್ಯೂಮಿನಿಯಂ ಬಾಡಿಯಲ್ಲೂ ಅಷ್ಟೇ ಕಲೆ. ಸರ್ಜ್, ಅಂದರೆ ಇದ್ದಕ್ಕಿದ್ದಂತೆ ಚಿಮ್ಮಿದ ಓಲ್ಟೇಜ್, ಅಲ್ಲಿಂದ ಹಾರಿತ್ತು. ತಾಮ್ರದ ಗೆರೆಗೂ ಪ್ಲೇಟಿಗೂ ನಡುವೆ ಇರುವ ತಡೆ ಕೂದಲೆಳೆಯಷ್ಟು ತೆಳು. ಸಿಡಿಲು ಕಂಬಕ್ಕೇ ಹೊಡೆಯಬೇಕಿಲ್ಲ. ದೂರದ ಗುಡ್ಡಕ್ಕೆ ಬಿದ್ದರೂ ಉದ್ದದ ತಂತಿಯಲ್ಲಿ ಸಾವಿರಾರು ಓಲ್ಟ್ ಏಳುತ್ತದೆ. ಫೇಸು ನ್ಯೂಟ್ರಲ್ ಎರಡೂ ಒಟ್ಟಿಗೆ ಮೇಲೆದ್ದರೆ, ಅವುಗಳ ನಡುವೆ ಕೂತ ಎಂಓವಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸರ್ಜಿಗೆ ಭೂಮಿಗೆ ಇಳಿಯುವ ದಾರಿ ಬೇಕು. ದಾರಿ ಕೊಡದಿದ್ದರೆ ಎಲ್‌ಇಡಿಯನ್ನು ಸೀಳಿಕೊಂಡು ತಾನೇ ಮಾಡಿಕೊಳ್ಳುತ್ತದೆ.

ಆ ದಾರಿ ಇರಲಿಲ್ಲ. ಫಿಟ್ಟಿಂಗ್ ಹಾಕಿದವರು ಎರಡು ಎಳೆಯ ವಯರ್ ಎಳೆದಿದ್ದರು. ಅರ್ತಿನ ಹಸಿರು ವಯರನ್ನು ಒಳಗೇ ಸುತ್ತಿ ಟೇಪ್ ಹಚ್ಚಿ ಬಿಟ್ಟಿದ್ದರು. ಒಂಬತ್ತೂ ಹಾಗೆಯೇ ಇರಬೇಕು ಅಂದುಕೊಂಡೆ, ಹೌದು, ಹಾಗೆಯೇ ಇತ್ತು. ನನ್ನ ಮಟ್ಟಿಗೆ ಈ ರಿಪೇರಿಯ ಮುಖ್ಯ ಕೆಲಸ ಅಲ್ಲಿಂದ ಶುರುವಾಯಿತು. ಅದುವರೆಗೆ ಮಾಡಿದ್ದು ಬರೀ ಮುಲಾಮು. ಮುಂದಿನ ಸಿಡಿಲಿಗೆ ಮತ್ತೆ ಐದು ಹೋಗುತ್ತಿದ್ದವು.

ಎಂಟನೇ ಕಂಬದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನೀರು. ಗಾಜಿನೊಳಗೆ ಅರ್ಧ ಇಂಚು ನಿಂತಿತ್ತು, ಮಳೆಹುಳದ ರೆಕ್ಕೆ ತೇಲುತ್ತಿದ್ದವು. ಮೈಮೇಲೆ ಐಪಿ65 ಎಂದು ಬರೆದಿದೆ, ಧೂಳು ನೀರು ಒಳಗೆ ಹೋಗದು ಅಂತ. ಆದರೆ ವಯರ್ ಒಳಹೋಗುವ ತೂತಿನ ಗ್ಲ್ಯಾಂಡ್ ಬಿಗಿ ಮಾಡಿರಲಿಲ್ಲ, ವಯರ್ ಮೇಲಿನಿಂದ ನೇರ ಇಳಿದಿತ್ತು. ರಾತ್ರಿ ಬಿಸಿಯಾದ ಫಿಟ್ಟಿಂಗ್ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಆಗ ಸಿಕ್ಕ ಸಂದಿಯಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಡ್ರೈವರ್ ಪೂರ್ತಿ ಹಸಿರುಗಟ್ಟಿತ್ತು, ಬದಲಿಸಿದೆ. ಗ್ಯಾಸ್ಕೆಟ್ ಬದಲಿಸಿದೆ. ಗ್ಲ್ಯಾಂಡ್ ಹೊಸದು. ವಯರನ್ನು ಫಿಟ್ಟಿಂಗ್‌ಗಿಂತ ಕೆಳಕ್ಕೆ ಇಳಿಸಿ ಮತ್ತೆ ಮೇಲಕ್ಕೆ ತಂದೆವು. ಹಾಗೆ ಬಾಗಿಸಿದರೆ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸಿಲಿಕೋನ್ ಹಚ್ಚುವವರಿಗೆ ಒಂದು ಮಾತು: ಹಚ್ಚಿದಾಗ ವಿನೆಗರ್ ವಾಸನೆ ಬರುವುದನ್ನು ಇಲ್ಲಿ ಬಳಸಬೇಡಿ. ಆ ಆವಿ ಮುಚ್ಚಿದ ಪೆಟ್ಟಿಗೆಯೊಳಗೆ ತಾಮ್ರವನ್ನೂ ಎಲ್‌ಇಡಿಯನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಕೇಳಿ ತೆಗೆದುಕೊಳ್ಳಿ.

ಇನ್ನು ಅರ್ತಿಂಗ್. ಒಂಬತ್ತರಲ್ಲಿ ನಾಲ್ಕು ಕಂಬಕ್ಕೆ ಲೈನ್ ಎಳೆದಾಗಲೇ ಜಿಐ ತಂತಿ ಇಳಿಸಿ ಅರ್ತ್ ಮಾಡಿದ್ದರು. ಫಿಟ್ಟಿಂಗ್ ಅದಕ್ಕೆ ಸೇರಿರಲಿಲ್ಲ, ಅಷ್ಟೇ. ಉಳಿದ ಐದಕ್ಕೆ ನಾವೇ ಮಾಡಿದೆವು. ಹಾರೆ ಹಿಡಿದು ಬಂದವರು ಕೇರಿಯ ಹುಡುಗರು. ಗದ್ದೆ ಅಂಚಿನ ಎಂಟನೇ ಕಂಬದಲ್ಲಿ ಜಿಐ ಪೈಪ್ ಸಲೀಸಾಗಿ ಇಳಿಯಿತು. ಅರ್ತ್ ಟೆಸ್ಟರ್ 6 ಓಮ್ ತೋರಿಸಿತು, ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಮೂರನೇ ಕಂಬದ ಬುಡ ಮಾತ್ರ ಜಂಬಿಟ್ಟಿಗೆ ಕಲ್ಲು. ಅರ್ಧ ದಿನ ಅಗೆದು, ಇದ್ದಿಲು ಉಪ್ಪು ತುಂಬಿ ನೀರು ಹೊಯ್ದರೂ 40 ಓಮ್. ಎರಡು ಮೀಟರ್ ಆಚೆ ಇನ್ನೊಂದು ಪೈಪ್ ಇಳಿಸಿ ಜೋಡಿಸಿದ ಮೇಲೆ 22ಕ್ಕೆ ಬಂತು. ನನಗೆ ಸಮಾಧಾನ ಇಲ್ಲ. ಮಳೆಗಾಲದಲ್ಲಿ ಮಣ್ಣು ನೆನೆದ ಮೇಲೆ ಮತ್ತೆ ಅಳೆಯಬೇಕು.

ಪ್ರತಿ ಫಿಟ್ಟಿಂಗ್‌ಗೂ ಮೂರು ಎಳೆಯ ವಯರ್ ಬಂತು. ಡ್ರೈವರ್ ಮುಂದೆ 10 ಕಿಲೋ ಓಲ್ಟಿನ ಎಸ್‌ಪಿಡಿ ಬಂತು. ಎಸ್‌ಪಿಡಿ ಎಂದರೆ ಅದೇ ಎಂಓವಿಯ ದೊಡ್ಡಣ್ಣ. ಫೇಸಿನಿಂದ ಅರ್ತಿಗೆ, ನ್ಯೂಟ್ರಲಿನಿಂದ ಅರ್ತಿಗೆ, ಎರಡು ಕಡೆಯಿಂದಲೂ ಕಾಯುತ್ತದೆ. ಇದರಲ್ಲಿ ಎರಡು ಬಗೆ. ಪ್ಯಾರಲಲ್ ಬಗೆಯದು ಸತ್ತರೂ ದೀಪ ಉರಿಯುತ್ತಲೇ ಇರುತ್ತದೆ, ಕಾವಲು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಸೀರೀಸ್ ಬಗೆಯದು ಸತ್ತರೆ ದೀಪವನ್ನೂ ಆರಿಸುತ್ತದೆ. ಕೆಲವರು ಮೊದಲನೆಯದೇ ಒಳ್ಳೆಯದು ಎನ್ನುತ್ತಾರೆ, ದೀಪ ಆರಬಾರದಲ್ವಾ ಅಂತ. ನಾನು ಸೀರೀಸ್ ಹಾಕಿದೆ. ನಮ್ಮ ಊರಲ್ಲಿ ಕಂಬ ಹತ್ತಿ ಹಸಿರು ಇಂಡಿಕೇಟರ್ ನೋಡುವವರು ಯಾರೂ ಇಲ್ಲ. ದೀಪ ಆರಿದರೆ ಹಾಲು ಹಾಕಲು ಹೋಗುವವರೇ ಬಂದು ಹೇಳುತ್ತಾರೆ. 280 ರೂಪಾಯಿಯ ತುಂಡು ಬದಲಿಸಿದರೆ ಆಯಿತು, ಒಳಗಿನ ಪ್ಲೇಟು ಡ್ರೈವರು ಉಳಿಯುತ್ತವೆ.

ಆರನೇ ಕಂಬಕ್ಕೆ ಹೊಸ ಪ್ಲೇಟ್ ತರುವಾಗ ಬಣ್ಣದ ಪ್ರಶ್ನೆ ಬಂತು. ಹಳೆಯದು 6500 ಕೆಲ್ವಿನ್, ಹಾಲಿನಂಥ ಬಿಳಿ. ಬಿಳಿ ಎಲ್‌ಇಡಿ ಎಂದರೆ ಅಸಲಿಗೆ ನೀಲಿ ಎಲ್‌ಇಡಿಯೇ, ಮೇಲೆ ಹಳದಿ ಲೇಪ ಇರುತ್ತದೆ. ಆ ನೀಲಿಯನ್ನು ಸಾಧಿಸಿದ್ದಕ್ಕೇ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರ ನೊಬೆಲ್ ಬಂದದ್ದು. ಲೇಪ ತೆಳುವಾದಷ್ಟೂ ನೀಲಿ ಜಾಸ್ತಿ, ಹುಳವೂ ಜಾಸ್ತಿ. ಆರನೇ ಕಂಬ ಮೇಲಿನ ಮನೆ ಅಜ್ಜನ ಜಗಲಿಯ ಎದುರಿಗೇ ಇದೆ. ಬೆಳಕು ಕಣ್ಣಿಗೆ ಕುಕ್ಕುತ್ತದೆ, ಮಳೆಹುಳ ಊಟದ ತಟ್ಟೆಗೇ ಬೀಳುತ್ತದೆ ಎಂದು ಅವರು ಹಿಂದೆಯೂ ಹೇಳಿದ್ದರು. 3000 ಕೆಲ್ವಿನ್‌ನ ಪ್ಲೇಟ್ ಹಾಕಿದೆ, ಬೆಲ್ಲದ ಪಾಕದ ಬಣ್ಣ. ಜೊತೆಗೆ ಫಿಟ್ಟಿಂಗ್‌ನ ಮುಖವನ್ನೂ ತಗ್ಗಿಸಿದೆವು. ಮೊದಲು ಎಲ್ಲವೂ ಹದಿನೈದು ಇಪ್ಪತ್ತು ಡಿಗ್ರಿ ಮೇಲಕ್ಕೆ ನೋಡುತ್ತಿದ್ದವು. ಬೆಳಕು ರಸ್ತೆಗಿಂತ ಜಾಸ್ತಿ ಅಡಿಕೆ ಮರದ ತಲೆಗೆ ಬೀಳುತ್ತಿತ್ತು. ಈಗ ಐದು ಡಿಗ್ರಿ. ಆ ರಾತ್ರಿ ಅಜ್ಜ ಜಗಲಿಯಲ್ಲಿ ಕೂತು ಊಟ ಮಾಡಿದರು.

ಸ್ನೇಹಿತನ ಲಕ್ಸ್ ಮೀಟರ್ ತಂದು ನೆಲಕ್ಕೆ ಬೀಳುವ ಬೆಳಕು ಅಳೆದೆ. ಕಂಬದ ಬುಡದಲ್ಲಿ 16 ಲಕ್ಸ್. ಎರಡು ಕಂಬದ ನಡುವೆ, ಇಪ್ಪತ್ತು ಮೀಟರ್ ದೂರದಲ್ಲಿ, 0.6. ಹುಣ್ಣಿಮೆಯ ಬೆಳದಿಂಗಳು ಸುಮಾರು 0.2 ಇರುತ್ತದೆ, ಅದರ ಮೂರರಷ್ಟು. ನಮ್ಮ ದೇಶದ ಬೀದಿದೀಪದ ಮಾನದಂಡ ಐಎಸ್ 1944 ಸಣ್ಣ ರಸ್ತೆಗೆ ಸರಾಸರಿ 4 ಲಕ್ಸ್ ಕೇಳುತ್ತದೆ. ಸರಾಸರಿಯಲ್ಲಿ ನಾವು ಹತ್ತಿರ ಇದ್ದೇವೆ, ನಡುವಿನ ಕತ್ತಲು ಮಾತ್ರ ಹೋಗಿಲ್ಲ. ಅದಕ್ಕೆ ವ್ಯಾಟ್ ಏರಿಸುವುದು ಮದ್ದಲ್ಲ. ಬುಡದಲ್ಲಿ ಇನ್ನೂ ಕುಕ್ಕುತ್ತದೆ, ನಡುವೆ ಇನ್ನೂ ಕಪ್ಪಾಗಿ ಕಾಣುತ್ತದೆ. ಬೆಳಕನ್ನು ರಸ್ತೆಯುದ್ದಕ್ಕೆ ಎರಡು ಕಡೆ ಚಾಚುವ ಲೆನ್ಸ್ ಬರುತ್ತದೆ. ಮುಂದಿನ ಸಲ ಪ್ಲೇಟ್ ತರುವಾಗ ಅದನ್ನು ಕೇಳಿ ತರುತ್ತೇನೆ.

ಈ ಎಲ್‌ಇಡಿಗೆ ಮೊದಲು ಇದೇ ಕಂಬಗಳಲ್ಲಿ 70 ವ್ಯಾಟಿನ ಸೋಡಿಯಂ ದೀಪ ಇದ್ದವು. ಚೋಕ್ ತಿನ್ನುವುದೂ ಸೇರಿ ಒಂದೊಂದು 82 ವ್ಯಾಟ್ ಎಳೆಯುತ್ತಿತ್ತು. ಓಲ್ಟೇಜ್ ಕಡಿಮೆಯಾದ ಸಂಜೆ ಹತ್ತುತ್ತಲೇ ಇರಲಿಲ್ಲ. ಈಗಿನದು ಡ್ರೈವರ್ ಸೇರಿ 26. ಒಂಬತ್ತು ದೀಪ, ದಿನಕ್ಕೆ ಹನ್ನೊಂದೂವರೆ ಗಂಟೆ ಎಂದರೆ ವರ್ಷಕ್ಕೆ ಸುಮಾರು 2,100 ಯೂನಿಟ್ ಉಳಿತಾಯ. ಆದರೆ ಈ ಉಳಿತಾಯದಲ್ಲಿ ಒಂದಷ್ಟನ್ನು ನಾವೇ ಕಳೆಯುತ್ತಿದ್ದೆವು. ದೀಪ ಹಾಕಿ ಆರಿಸುವುದು ನೀರುಗಂಟಿಯ ಕೆಲಸ. ಅವರಿಗೆ ನಾಲ್ಕು ಊರಿನ ಟ್ಯಾಂಕು ನೋಡಬೇಕು. ಅವರು ಬಾರದ ದಿನ ಒಂಬತ್ತೂ ದೀಪ ಹಗಲೆಲ್ಲ ಉರಿಯುತ್ತಿದ್ದವು. ಅವರನ್ನು ಬೈದು ಏನು ಪ್ರಯೋಜನ? ಹಿಂದೆ ಒಮ್ಮೆ ಡೇ-ನೈಟ್ ಸೆನ್ಸರ್ ಹಾಕಿಸಿದ್ದೆವು. ನಮ್ಮ ಆಷಾಢದ ಮೋಡಕ್ಕೆ ಅದು ಮಧ್ಯಾಹ್ನ ಮೂರಕ್ಕೇ ರಾತ್ರಿಯಾಯಿತು ಎಂದು ದೀಪ ಹಾಕುತ್ತಿತ್ತು. ಈ ಸಲ ಆಸ್ಟ್ರೋ ಟೈಮರ್ ತಂದೆವು. ಊರಿನ ಅಕ್ಷಾಂಶ 13.7, ರೇಖಾಂಶ 75.2 ಎಂದು ಕೊಟ್ಟರೆ ಸೂರ್ಯ ಮುಳುಗುವ ಹೊತ್ತನ್ನು ತಾನೇ ಲೆಕ್ಕ ಹಾಕುತ್ತದೆ. ನವೆಂಬರಿನಲ್ಲಿ ಆರು ಗಂಟೆಯ ಸುಮಾರು, ಜುಲೈಯಲ್ಲಿ ಏಳರ ಸುಮಾರು. ಮೋಡ ಇರಲಿ, ಬಿಸಿಲಿರಲಿ, ಅದಕ್ಕೆ ಒಂದೇ. ಟೈಮರ್ ಪಂಚಾಯ್ತಿ ಕೊಟ್ಟಿತು. ಉಳಿದದ್ದು ಎಲ್ಲ ಸೇರಿ 6,710 ರೂಪಾಯಿ, ಕೇರಿಯ ಮನೆಗಳಿಂದ ಎತ್ತಿದ್ದು.

ಒಂಬತ್ತನೇ ಕಂಬದ ವಿಷಯ ಬೇರೆ. ಅದು ಹಳ್ಳದ ಮೋರಿಯ ಮೇಲಿದೆ, ಆಚೆಗೆ ಮನೆಯಿಲ್ಲ. ಮೇ ತಿಂಗಳ ರಾತ್ರಿ ಹಳ್ಳದ ಮರಗಳಲ್ಲಿ ಮಿಂಚುಹುಳ ಸೇರುತ್ತವೆ. ಅವು ಮಿನುಗಿಯೇ ಒಂದನ್ನೊಂದು ಕರೆಯುವುದು, ನಮ್ಮ ದೀಪದ ಬೆಳಕಲ್ಲಿ ಆ ಕರೆ ಕಾಣುವುದಿಲ್ಲ. ಕೇರಿಯಲ್ಲಿ ಮಾತಾಡಿದೆವು. ಆ ಒಂದಕ್ಕೆ ಬೇರೆ ಟೈಮರ್ ಕೂರಿಸಿ ರಾತ್ರಿ ಒಂಬತ್ತೂವರೆಗೆ ಆರುವ ಹಾಗೆ, ಬೆಳಗಿನ ಐದಕ್ಕೆ ಹತ್ತುವ ಹಾಗೆ ಮಾಡಿದೆವು. ಮೊದಲ ರಾತ್ರಿ ಮಕ್ಕಳನ್ನು ಕರೆದುಕೊಂಡು ಮೋರಿಯ ಮೇಲೆ ನಿಂತೆ. ದೀಪ ಆರಿದ ಮೇಲೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಹೊಳೆಮತ್ತಿ ಮರ ಒಂದು ಕಡೆಯಿಂದ ಮಿನುಗಲು ಶುರುವಾಯಿತು.

ಜೂನ್ ಮೊದಲ ವಾರ ರೋಹಿಣಿ ಮಳೆ. ಭರಣಿಗಿಂತ ಜೋರು ಸಿಡಿಲು. ಮಳೆ ನಿಂತ ಮೇಲೆ ಛತ್ರಿ ಹಿಡಿದು ಡೇರಿಯಿಂದ ಮೋರಿಯವರೆಗೆ ನಡೆದೆ. ಮೂರನೇ ಕಂಬ ಒಂದು ಕತ್ತಲು, ಆ 22 ಓಮಿನದ್ದು. ಬೆಳಿಗ್ಗೆ ಎಲ್‌ಸಿ ಸಿಕ್ಕಿತು. ಲೈನ್‌ಮ್ಯಾನ್ ಅಣ್ಣ ಮೇಲಿನಿಂದ ಕೂಗಿದರು, "ಎಸ್‌ಪಿಡಿ ಹೋಗಿದೆ ಮಾರಾಯ, ಬೇರೇದು ಕೊಡು." ಹಗ್ಗದಲ್ಲಿ ಕಟ್ಟಿ ಕಳಿಸಿದೆ. ಹತ್ತು ನಿಮಿಷ. ಡ್ರೈವರ್ ಸರಿಯಿತ್ತು, ಪ್ಲೇಟ್ ಸರಿಯಿತ್ತು. ಇಳಿದ ಮೇಲೆ ಅವರ ಎದುರೇ ಅರ್ತ್ ಅಳೆದೆ. ನೆನೆದ ಮಣ್ಣಿನಲ್ಲಿ 14 ಓಮ್. ಮಳೆಗಾಲ ಕಳೆದ ಮೇಲೆ ಅಲ್ಲಿ ಮೂರನೇ ಪೈಪ್ ಇಳಿಸುತ್ತೇವೆ. ಸದ್ಯಕ್ಕೆ ಎರಡು ಎಸ್‌ಪಿಡಿ ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಡೇರಿಯ ಕಪಾಟಿನಲ್ಲಿ ಇಟ್ಟಿದ್ದೇನೆ.